ಓದಿನ ಸುಖವೂ ಗ್ರಂಥದ ಕಾಯವೂ

ಮಾನವನಿಗೆ ಲಭಿಸುವ ಸುಖಗಳಲ್ಲಿ ವಾಚನಸುಖವು ವಿಶಿಷ್ಟವಾದುದು. ಉಣಿಸಿನ ಸುಖವು ಹಸಿವು ಹಿಂಗಿದೊಡನೆ ಮುಗಿಯುವುದು. ಉಡಿಗೆ ತೊಡಿಗೆಗಳ ಸುಖವು ಅವು ಹಳತಾದೊಡನೆ ಮಾಸುವುದು. ಓದಿನ ಸುಖವಾದರೋ ಓದು ಮುಗಿದ ಮೇಲೆಯೂ ಬೆಳೆಯುತ್ತಿರುವುದು. ಬೆಳಿಗ್ಗೆ ಪೂಜೆಯ ತರುವಾಯ ಓದಿದ ಒಂದು ವಚನವು, ಮಧ್ಯಾಹ್ನ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಕೆಲಸದ ನಡುವೆ ತಾನಾಗಿ ನೆನಪಿಗೆ ಬಂದು, ಓದುವಾಗ ಹೊಳೆಯದಿದ್ದ ಅರ್ಥವನ್ನು ಹೊಳೆಯಿಸುವುದುಂಟು. ಮೇಲಾಗಿ ಈ ಸುಖವು ಹಂಚಿಕೊಂಡಷ್ಟೂ ಕುಗ್ಗದು. ಇಂತಹ ಸುಖಕ್ಕೆ ಆಶ್ರಯವಾದ ಗ್ರಂಥಕ್ಕೆ ಕನ್ನಡ ನಾಡಿನಲ್ಲಿ ಪೂಜ್ಯತೆ ಸಂದಿರುವುದು ಸಹಜವೇ ಆಗಿದೆ. ಪುಸ್ತಕಕ್ಕೆ ಕಾಲು ತಗುಲಿದರೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಸಂಸ್ಕಾರವನ್ನು ಮಕ್ಕಳಿಗೆ ಯಾರೂ ಪಾಠಮಾಡಿ ಕಲಿಸುವುದಿಲ್ಲ. ಹಿರಿಯರನ್ನು ನೋಡಿಯೇ ಅವರು ಕಲಿಯುತ್ತಾರೆ.

ಆದರೆ ಇಂದು ಗ್ರಂಥದ ಸ್ವರೂಪವೇ ಬದಲಾಗುತ್ತಿದೆ. ಹಾಳೆಯಲ್ಲಿ ಮುದ್ರಿತವಾಗಿ, ದಾರದಿಂದ ಹೊಲಿದು, ರಟ್ಟು ಕಟ್ಟಿದ ಪುಸ್ತಕದ ಬದಲಿಗೆ ಮೊಬೈಲಿನ ಗಾಜಿನ ಮೇಲೆ ಮೂಡಿ ಮಾಯವಾಗುವ ಇ-ಪುಸ್ತಕವು ಬಂದಿದೆ. ಇದರ ಕುರಿತು ಎರಡು ಪಕ್ಷಗಳು ಏರ್ಪಟ್ಟಿವೆ. ಕಾಗದದ ಪುಸ್ತಕದೊಡನೆ ಓದಿನ ಸುಖವೇ ಅಳಿಯುವುದೆಂದು ಒಂದು ಪಕ್ಷದವರು ಮರುಗುತ್ತಾರೆ. ಕಪಾಟುಗಟ್ಟಲೆ ಪುಸ್ತಕಗಳು ಅಂಗೈಯೊಳಗೆ ಅಡಗಿರುವಾಗ ಧೂಳು ಹಿಡಿದ ಹೊತ್ತಗೆಗಳ ಹಂಗೇಕೆಂದು ಇನ್ನೊಂದು ಪಕ್ಷದವರು ಕೇಳುತ್ತಾರೆ. ಇದು ಕೇವಲ ಅಭಿರುಚಿಯ ವಿವಾದವೆಂದು ತಳ್ಳಿಹಾಕುವಂತಿಲ್ಲ. ಮಠಗಳ ಗ್ರಂಥಭಂಡಾರಗಳು ಇನ್ನು ಮುಂದೆ ಏನನ್ನು ಕೂಡಿಡಬೇಕು, ಉಚಿತ ಪ್ರಸಾದನಿಲಯದ ವಿದ್ಯಾರ್ಥಿಯ ಕೈಯಲ್ಲಿ ಏನನ್ನು ಇಡಬೇಕು, ಮುಂದಿನ ತಲೆಮಾರಿಗೆ ಶರಣರ ವಾಣಿಯನ್ನು ಯಾವ ರೂಪದಲ್ಲಿ ದಾಟಿಸಬೇಕು ಎಂಬ ಹೊಣೆಗಾರಿಕೆಯು ಇದರಲ್ಲಿ ಅಡಗಿದೆ. ಆದುದರಿಂದ ಇದನ್ನು ಶರಣಧರ್ಮದ ಒರೆಗಲ್ಲಿಗೆ ತಿಕ್ಕಿ ನೋಡುವುದು ಯುಕ್ತವಾಗಿದೆ.

ಮೊದಲಿಗೆ, ಓದಿನ ಸುಖವೆಂದರೆ ಯಾವುದು? ವೀರಶೈವ ಸಿದ್ಧಾಂತವು ಸ್ಥೂಲ, ಸೂಕ್ಷ್ಮ, ಕಾರಣವೆಂಬ ಮೂರು ತನುಗಳನ್ನು ಹೇಳಿ, ಅವುಗಳಿಗೆ ಕ್ರಮವಾಗಿ ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳ ಸಂಬಂಧವನ್ನು ಕಲ್ಪಿಸುವುದು. ಈ ದೃಷ್ಟಿಯಿಂದ ನೋಡಿದರೆ ಓದಿನಲ್ಲಿಯೂ ಮೂರು ನೆಲೆಗಳು ಕಾಣಿಸುತ್ತವೆ. ಮೊದಲನೆಯದು ಇಂದ್ರಿಯದ ನೆಲೆ. ಹೊಸ ಹಾಳೆಯ ಕಂಪು, ಮೊಳೆಯಚ್ಚಿನಲ್ಲಿ ಮುದ್ರಿತವಾದ ಹಳೆಯ ಪುಸ್ತಕದ ಅಕ್ಷರಗಳು ಕಾಗದದ ಬೆನ್ನಿಗೆ ಮೂಡಿಸಿದ ಉಬ್ಬು, ಎಡಗೈಯಲ್ಲಿ ಓದಿದ ಪುಟಗಳ ತೂಕ ಹೆಚ್ಚುತ್ತ ಬಲಗೈಯಲ್ಲಿ ಓದಬೇಕಾದ ಪುಟಗಳ ತೂಕ ಇಳಿಯುವ ಅನುಭವ, ಇವೆಲ್ಲ ಸ್ಥೂಲವಾದ ಸುಖಗಳು. ಎರಡನೆಯದು ಬುದ್ಧಿಯ ನೆಲೆ. ಶಬ್ದಕ್ಕೆ ಶಬ್ದ ಕೂಡಿ ಅರ್ಥವು ತೆರೆದುಕೊಳ್ಳುವಾಗ, ಕಠಿಣವಾದ ಬೆಡಗಿನ ಗಂಟು ಸಡಿಲುವಾಗ ಆಗುವ ಸುಖವು ಸೂಕ್ಷ್ಮವಾದುದು. ಮೂರನೆಯದು ಭಾವದ ನೆಲೆ. ಓದಿದುದು ಓದಿದವನ ಬಾಳಾಗಿ, ಅವನ ನಡೆಯನ್ನು ತಿದ್ದಿ, ಓದೆಂಬುದೇ ಮರೆತುಹೋಗುವ ಸ್ಥಿತಿ ಅದು. ಅದಕ್ಕೆ ಶರಣರು ಅನುಭಾವವೆಂದು ಹೆಸರಿಟ್ಟರು.

ಇಲ್ಲಿ ಒಂದು ಪ್ರಶ್ನೆಯು ಉದ್ಭವಿಸುವುದು. ಭಾವದ ನೆಲೆಯೇ ಪರಮವೆಂದಾದರೆ ಕಾಗದದ ಕಂಪು, ರಟ್ಟಿನ ಸ್ಪರ್ಶ ಇವುಗಳಿಗೆ ಬೆಲೆ ಕೊಡುವುದು ಬರಿಯ ವ್ಯಾಮೋಹವಲ್ಲವೆ? ಹಾಗೆಂದು ಅವಸರದಿಂದ ತೀರ್ಮಾನಿಸಲಾಗದು. ಶರಣರು ಇಂದ್ರಿಯಗಳನ್ನು ಹಗೆಗಳೆಂದು ಕೊಲ್ಲಲು ಹೇಳಿದವರಲ್ಲ. ಅವುಗಳ ಮುಖದಿಂದ ಬಂದ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಲು ಹೇಳಿದವರು. ನಿರಾಕಾರನಾದ ಶಿವನನ್ನು ಕರಸ್ಥಲದಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಲುಕುವ ಕುರುಹಾಗಿ ಧರಿಸುವ ಧರ್ಮವು ಆಕಾರವನ್ನು ಹಗುರಾಗಿ ಕಾಣದು. ಕುರುಹಿನ ಮೂಲಕವೇ ಅರಿವಿಗೆ ಹೋಗಬೇಕೆಂಬುದು ಅದರ ಕ್ರಮ. ಹೀಗಿರಲು ಗ್ರಂಥದ ಕಾಯಕ್ಕೂ ಒಂದು ಗೌರವ ಸಲ್ಲಬೇಕು. ಆದರೆ ಕುರುಹಿನಲ್ಲಿಯೇ ನಿಂತು ಅರಿವನ್ನು ಮರೆತವರನ್ನು ಶರಣರು ಕಟುವಾಗಿ ಎಚ್ಚರಿಸಿದ್ದಾರೆಂಬುದನ್ನೂ ಮರೆಯಲಾಗದು.

ಈ ಎರಡನ್ನೂ ತೂಗಿ ನೋಡಲು ವಚನವಾಙ್ಮಯದ ಚರಿತ್ರೆಯೇ ಒಳ್ಳೆಯ ದೃಷ್ಟಾಂತವನ್ನು ಒದಗಿಸುತ್ತದೆ. ಏಕೆಂದರೆ ಗ್ರಂಥವು ತನ್ನ ಕಾಯವನ್ನು ಬದಲಿಸುತ್ತಿರುವುದು ಇದೇ ಮೊದಲಲ್ಲ. ಹನ್ನೆರಡನೆಯ ಶತಮಾನದಲ್ಲಿ ವಚನಗಳು ಮೊದಲು ನುಡಿಯಾಗಿ ಹುಟ್ಟಿದವು; ಅನಂತರ ತಾಳೆಯ ಓಲೆಗೆ ಇಳಿದವು. ಒಣಗಿಸಿ ಹದಮಾಡಿದ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದು, ಆ ಗೆರೆಗಳಲ್ಲಿ ಮಸಿಯನ್ನು ತುಂಬಿ, ರಂಧ್ರದಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟುತ್ತಿದ್ದರು. ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲದ ಆ ಬರಹವನ್ನು ಓದುವುದೇ ಒಂದು ವಿದ್ಯೆಯಾಗಿತ್ತು. ಒಂದು ಪ್ರತಿಯನ್ನು ಮಾಡಲು ತಿಂಗಳುಗಳು ಹಿಡಿಯುತ್ತಿದ್ದವು. ಪ್ರತಿಕಾರರು ಗ್ರಂಥಾಂತ್ಯದಲ್ಲಿ ತಮ್ಮ ದೇಹಶ್ರಮವನ್ನು ಹೇಳಿಕೊಂಡು, ಪ್ರತಿಯನ್ನು ಜೋಕೆಯಿಂದ ಕಾಪಾಡಬೇಕೆಂದು ಓದುಗರನ್ನು ಬೇಡಿಕೊಳ್ಳುವ ವಾಡಿಕೆಯಿತ್ತು. ಕಲ್ಯಾಣದ ವಿಪ್ಲವದ ಕಾಲದಲ್ಲಿ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂದು ಪರಂಪರೆಯು ನಂಬಿಕೊಂಡು ಬಂದಿದೆ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ವಿರಕ್ತರು ಆ ವಚನಗಳನ್ನು ಮತ್ತೆ ಸಂಕಲಿಸಿದರು.

ಕನ್ನಡದ ಮುದ್ರಣವು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಆರಂಭವಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಆದರೆ ವಚನಗಳ ಬಹುಭಾಗವು ಮತ್ತೂ ಒಂದು ಶತಮಾನದವರೆಗೆ ಓಲೆಯಲ್ಲಿಯೇ ಉಳಿದಿತ್ತು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ರಬಕವಿ, ಬನಹಟ್ಟಿ ಮೊದಲಾದ ಊರುಗಳ ಭಕ್ತರ ಮನೆಗಳನ್ನು ಸುತ್ತಿ ಓಲೆಯ ಕಟ್ಟುಗಳನ್ನು ಹುಡುಕಿದರು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳು ದೇವರ ಜಗಲಿಯ ಮೇಲಿದ್ದವು. ಅವುಗಳಿಗೆ ವಿಭೂತಿ ಹಚ್ಚಿ, ಹೂವೇರಿಸಿ ಪೂಜೆ ಸಲ್ಲಿಸಲಾಗುತ್ತಿತ್ತು; ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಕಾಯವು ಪೂಜೆಗೊಂಡು ಪ್ರಾಣವು ಉಪವಾಸವಿದ್ದ ಸ್ಥಿತಿಯದು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುಂದೆ ತಮ್ಮ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಪ್ರಾರಂಭಿಸಿದರು. ಅವರ ಶ್ರಮದ ಫಲವಾಗಿ ಅಲ್ಲಿಯವರೆಗೆ ಹೆಸರೂ ತಿಳಿಯದಿದ್ದ ಅನೇಕ ಶರಣರ ವಾಣಿಯು ಬೆಳಕಿಗೆ ಬಂದಿತು.

ಆ ಕಾಲದಲ್ಲಿಯೂ ಮುದ್ರಣವು ನಿರ್ದೋಷವಾದ ಲಾಭವಾಗಿರಲಿಲ್ಲವೆಂಬುದನ್ನು ಒಪ್ಪಬೇಕು. ಓಲೆಯ ಕಟ್ಟಿನ ಓದಿನಲ್ಲಿ ಒಬ್ಬರು ಓದಿ ಹತ್ತು ಮಂದಿ ಕೇಳುತ್ತಿದ್ದರು. ಗುರುಮುಖದಿಂದ ಅರ್ಥವು ತಿಳಿಯುತ್ತಿತ್ತು. ಪುಸ್ತಕವು ಮನೆಮನೆಗೆ ಬಂದ ಮೇಲೆ ಒಬ್ಬೊಬ್ಬರೇ ಮೌನವಾಗಿ ಓದುವ ರೂಢಿ ಬೆಳೆಯಿತು. ಶ್ರವಣವು ಹಿಂದೆ ಸರಿಯಿತು. ಅಚ್ಚಾದ ಮೇಲೆ ಓಲೆಗಳಿಂದ ಏನು ಪ್ರಯೋಜನವೆಂದು ಹಳೆಯ ಕಟ್ಟುಗಳನ್ನು ಹೊಳೆಗೆ ಬಿಟ್ಟವರೂ ಉಂಟು. ಹೊಸ ಕಾಯವು ಬಂದೊಡನೆ ಹಳೆಯ ಕಾಯವನ್ನು ಕಸವೆಂದು ಬಗೆದ ಆ ತಪ್ಪಿನಿಂದ ಎಷ್ಟು ಪಾಠಗಳು, ಎಷ್ಟು ವಚನಗಳು ಶಾಶ್ವತವಾಗಿ ಕಳೆದುಹೋದವೆಂಬುದನ್ನು ಲೆಕ್ಕ ಹಾಕಲು ಇನ್ನು ಸಾಧ್ಯವಿಲ್ಲ. ಆದಾಗ್ಯೂ ಮುದ್ರಣವಿಲ್ಲದಿದ್ದರೆ ವಚನಗಳು ಸಾಮಾನ್ಯ ಜನರ ಸೊತ್ತಾಗುತ್ತಿರಲಿಲ್ಲವೆಂಬುದು ನಿರ್ವಿವಾದ. ಎರಡು ಮಾತುಗಳೂ ನಿಜ. ಒಂದನ್ನು ಹೇಳುವಾಗ ಇನ್ನೊಂದನ್ನು ಮರೆಮಾಚಬಾರದು.

ಈಗ ಇ-ಪುಸ್ತಕದ ಸ್ವರೂಪವನ್ನು ನೋಡಬೇಕು. 1971ರಲ್ಲಿ ಅಮೆರಿಕೆಯ ಮೈಕೆಲ್ ಹಾರ್ಟ್ ಎಂಬ ವಿದ್ಯಾರ್ಥಿಯು ಆ ದೇಶದ ಸ್ವಾತಂತ್ರ್ಯಘೋಷಣೆಯನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಇತರರೂ ಓದುವಂತೆ ಇಟ್ಟನು. ಅಲ್ಲಿಂದ ಗುಟೆನ್‌ಬರ್ಗ್ ಯೋಜನೆ ಎಂಬ ಉಚಿತ ಗ್ರಂಥಭಂಡಾರವು ಬೆಳೆಯಿತು. 2007ರಲ್ಲಿ ಅಮೆಜಾನ್ ಸಂಸ್ಥೆಯು ಕಿಂಡಲ್ ಎಂಬ ವಾಚನಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಫಲಕದಲ್ಲಿ ಅತಿ ಸೂಕ್ಷ್ಮವಾದ ಗುಳಿಗೆಗಳಿದ್ದು, ಅವುಗಳೊಳಗಿನ ಕಪ್ಪು ಬಿಳಿ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೇಲೆ ಕೆಳಗೆ ಸರಿದು ಅಕ್ಷರಗಳಾಗುತ್ತವೆ. ಕನ್ನಡದ ಮಟ್ಟಿಗೆ ಮುಖ್ಯವಾದ ಘಟನೆಯೆಂದರೆ, 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಕನ್ನಡಕ್ಕೂ ಸ್ಥಾನ ದೊರೆತುದು. ಅದರಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯಿದೆ. ‘ಕ’ಕಾರದ ಸಂಖ್ಯೆ 3221. ಈ ಏಕರೂಪತೆಯು ರೂಢಿಗೆ ಬರುವ ಮುನ್ನ ಬೇರೆ ಬೇರೆ ತಂತ್ರಾಂಶಗಳಲ್ಲಿ ಬೆರಳಚ್ಚಾದ ಕನ್ನಡ ಬರಹಗಳು ಮತ್ತೊಂದು ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣಿಸುತ್ತಿದ್ದವು. ಓಲೆಗೆ ಗೆದ್ದಲು ಹತ್ತುವಂತೆ ಈ ಹೊಸ ಕಾಯಕ್ಕೂ ಅದರದೇ ಆದ ಗೆದ್ದಲುಂಟೆಂಬುದು ಇದರಿಂದ ತಿಳಿಯುವುದು.

ಇ-ಪುಸ್ತಕದ ಉಪಕಾರಗಳನ್ನು ಅಲ್ಲಗಳೆಯುವುದು ಅನ್ಯಾಯವಾದೀತು. 1993ರಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು 15. ಅವುಗಳನ್ನು ಕೊಂಡು ಮನೆಯಲ್ಲಿ ಇಡುವ ಅನುಕೂಲ ಎಷ್ಟು ಮಂದಿಗೆ ಇದ್ದೀತು? ಇಂದು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಒಂದು ಪದವನ್ನು ಹೇಳಿದರೆ ಆ ಪದವು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂಬುದು ಕ್ಷಣಮಾತ್ರದಲ್ಲಿ ಕಣ್ಣಮುಂದೆ ನಿಲ್ಲುವುದು. ಒಂದೇ ಒಂದು ವಚನವು ಉಳಿದುಬಂದಿರುವ ಸೂಳೆ ಸಂಕವ್ವೆಯಂತಹ ಶರಣೆಯೂ, ಸಾವಿರಾರು ವಚನಗಳ ಕರ್ತೃವೂ ಆ ಹುಡುಕಾಟದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಾರೆ. ಪಂಕ್ತಿಭೇದವಿಲ್ಲದ ಈ ಕೂಟವು ಅನುಭವಮಂಟಪಕ್ಕೆ ಪರಕೀಯವಾದುದಲ್ಲ.

ಇನ್ನು ಕಣ್ಣಿನ ವಿಚಾರ. ಅರವತ್ತು ಎಪ್ಪತ್ತು ವರ್ಷಗಳ ಕಾಲ ನಿತ್ಯವೂ ವಚನಗಳನ್ನು ಓದಿಕೊಂಡು ಬಂದ ವೃದ್ಧ ಭಕ್ತನೊಬ್ಬನಿಗೆ ಕಣ್ಣು ಮಂಜಾಗಿ ಅಚ್ಚಿನ ಅಕ್ಷರವು ಕಾಣದಂತಾದ ಸಂದರ್ಭವನ್ನು ಊಹಿಸಬಹುದು. ಅವನಿಗೆ ಕಾಗದದ ಕಂಪು ಇನ್ನೂ ದೊರೆಯುವುದು. ಓದು ಮಾತ್ರ ದೊರೆಯದು. ಮೊಮ್ಮಗಳು ತನ್ನ ಯಂತ್ರದಲ್ಲಿ ಅಕ್ಷರವನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿ ಕೊಟ್ಟಾಗ ಅವನು ಮತ್ತೆ ಓದುತ್ತಾನೆ. ಆ ಓದಿನಲ್ಲಿ ಸುಖವಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಹುಟ್ಟುಗುರುಡರಿಗಂತೂ ಅಕ್ಷರವನ್ನು ಧ್ವನಿಯಾಗಿ ಮಾರ್ಪಡಿಸುವ ತಂತ್ರಾಂಶವು ಮುಚ್ಚಿದ್ದ ಬಾಗಿಲನ್ನು ತೆರೆದಿದೆ. ದೃಷ್ಟಿಹೀನರಿಗೆ ಗ್ರಂಥಗಳು ಸುಲಭವಾಗಿ ದೊರೆಯಬೇಕೆಂದು 2013ರಲ್ಲಿ ಮರಾಕೇಶ್ ನಗರದಲ್ಲಿ ರಾಷ್ಟ್ರಗಳು ಒಂದು ಒಡಂಬಡಿಕೆಯನ್ನು ಮಾಡಿಕೊಂಡವು; 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶವು ಭಾರತ. ಇದು ಕಾಯಿದೆಯ ಭಾಷೆಯಲ್ಲಿ ನಡೆದ ಜ್ಞಾನದಾಸೋಹವೆಂದರೆ ತಪ್ಪಾಗಲಾರದು. ಕಡಲಾಚೆ ಅಮೆರಿಕೆಯಲ್ಲಿಯೋ ಕೊಲ್ಲಿಯ ರಾಷ್ಟ್ರಗಳಲ್ಲಿಯೋ ದುಡಿಯುವ ಕನ್ನಡಿಗನಿಗೂ, ಗ್ರಂಥಾಲಯವಿಲ್ಲದ ಹಳ್ಳಿಯ ಹುಡುಗನಿಗೂ ಇದೇ ಬಾಗಿಲು ತೆರೆದಿದೆ.

ಹಾಗಾದರೆ ಹಳೆಯ ಪುಸ್ತಕವನ್ನು ಬಿಟ್ಟುಕೊಡಬಹುದೇ? ಇಲ್ಲಿ ಮೂರು ಆಕ್ಷೇಪಗಳು ಎದ್ದುನಿಲ್ಲುತ್ತವೆ, ಮೂರೂ ಗುರುತರವಾದವು.

ಮೊದಲನೆಯದು ಏಕಾಗ್ರತೆಯನ್ನು ಕುರಿತದ್ದು. ಮುದ್ರಿತ ಪುಸ್ತಕದೊಳಗೆ ಆ ಪುಸ್ತಕವೊಂದೇ ಇರುವುದು. ಮೊಬೈಲಿನೊಳಗಾದರೋ ಸಂತೆಯೇ ಇರುವುದು. ಅಲ್ಲಮಪ್ರಭುವಿನ ಬೆಡಗನ್ನು ಬಿಡಿಸುತ್ತಿರುವಾಗಲೇ ಯಾರದೋ ಸಂದೇಶ, ಯಾವುದೋ ಜಾಹೀರಾತು, ಎಲ್ಲಿಯದೋ ಸುದ್ದಿ ನಡುವೆ ಬಂದು ಕದ ತಟ್ಟುವುದು. ಇದು ಮುದುಕರ ಗೊಣಗಾಟವಲ್ಲ. ಕಾಗದದ ಓದನ್ನೂ ಯಂತ್ರದ ಓದನ್ನೂ ಹೋಲಿಸಿದ 54 ಅಧ್ಯಯನಗಳನ್ನು ವಿದ್ವಾಂಸರು 2018ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದರು. ವಿಷಯಪ್ರಧಾನವಾದ ಬರಹಗಳನ್ನು ಕಾಗದದಲ್ಲಿ ಓದಿದವರ ಗ್ರಹಿಕೆಯೇ ಮೇಲಾಗಿತ್ತೆಂದೂ, ಅವಸರದಲ್ಲಿ ಓದುವಾಗ ಆ ಅಂತರವು ಇನ್ನೂ ಹೆಚ್ಚಿತೆಂದೂ, ಕಥೆಗಳ ಓದಿನಲ್ಲಿ ಮಾತ್ರ ಅಂತರವು ಕಾಣಲಿಲ್ಲವೆಂದೂ ಅವರು ಕಂಡುಕೊಂಡರು. ವಚನವು ಕಥೆಯಲ್ಲ. ಅದು ಚಿಕ್ಕದಾದರೂ ನಿಂತು ಓದಬೇಕಾದ ಬರಹ. ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ಕೇಳುವ ಬರಹ. ಬೆರಳಿನಿಂದ ಸರಸರನೆ ಮೇಲಕ್ಕೆ ತಳ್ಳುತ್ತ ಹೋಗುವ ಓದಿಗೆ ಮನನದ ಮೆಟ್ಟಿಲೇ ಸಿಕ್ಕುವುದಿಲ್ಲ.

ಎರಡನೆಯದು ಸಂಗ್ರಹವನ್ನು ಕುರಿತದ್ದು. ಆಯ್ದಕ್ಕಿಯ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನವರು ಆ ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ವೃತ್ತಾಂತವು ಪ್ರಸಿದ್ಧವಾಗಿದೆ. ಅಗತ್ಯಕ್ಕೆ ಮೀರಿದ ಅಕ್ಕಿಯು ದಾಸೋಹಕ್ಕೆ ಸಲ್ಲದೆಂಬುದು ಅದರ ತಾತ್ಪರ್ಯ. ಇಂದು ಒಂದು ರಾತ್ರಿಯಲ್ಲಿ ಸಾವಿರ ಪುಸ್ತಕಗಳ ಪಿಡಿಎಫ್ ಪ್ರತಿಗಳನ್ನು ಇಳಿಸಿಕೊಂಡು, ಒಂದರ ಮೊದಲನೆಯ ಪುಟವನ್ನೂ ಓದದೆ, ತಾನು ಗ್ರಂಥಭಂಡಾರದ ಒಡೆಯನೆಂದು ಹಿಗ್ಗುವವರಿದ್ದಾರೆ. ಪುಕ್ಕಟೆಯಾಗಿ ಬಂದುದು ಓದಿಗೆ ಮೊದಲೇ ತೃಪ್ತಿಯ ಭ್ರಮೆಯನ್ನು ಕೊಡುವುದು. ಆದರೆ ನ್ಯಾಯವಾಗಿ ಹೇಳಬೇಕಾದರೆ ಈ ದೋಷವು ಯಂತ್ರದ್ದಲ್ಲ. ಗಾಜಿನ ಕಪಾಟಿನಲ್ಲಿ ಚಿನ್ನದ ಅಕ್ಷರಗಳ ರಟ್ಟುಗಳನ್ನು ಸಾಲಾಗಿ ನಿಲ್ಲಿಸಿ, ಬಂದವರಿಗೆ ತೋರಿಸಿ, ಬೀಗ ಹಾಕುತ್ತಿದ್ದವರೂ ಇದನ್ನೇ ಮಾಡುತ್ತಿದ್ದರು. ಜಗಲಿಯ ಮೇಲಿನ ಓದದ ಓಲೆ, ಕಪಾಟಿನೊಳಗಿನ ಓದದ ಪುಸ್ತಕ, ಯಂತ್ರದೊಳಗಿನ ಓದದ ಪ್ರತಿ, ಈ ಮೂರರಲ್ಲಿ ಭೇದವೆಣಿಸಲು ಕಾರಣವಿಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರವಾದುದು. ಅದು ಒಡೆತನವನ್ನೂ ದಾನವನ್ನೂ ಕುರಿತದ್ದು. ಕೊಂಡ ಪುಸ್ತಕವು ಕೊಂಡವನದು. ಅದನ್ನು ಅವನು ಗೆಳೆಯನಿಗೆ ಕೊಡಬಹುದು, ಮಠಕ್ಕೆ ಅರ್ಪಿಸಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ವಾಣಿಜ್ಯಸಂಸ್ಥೆಗಳು ಮಾರುವ ಇ-ಪುಸ್ತಕಗಳಲ್ಲಿ ಹೆಚ್ಚಿನವು ಹಾಗಲ್ಲ. ಹಣ ಕೊಟ್ಟವನಿಗೆ ದೊರೆಯುವುದು ಓದುವ ಅನುಮತಿ ಮಾತ್ರ. 2009ರ ಜುಲೈ ತಿಂಗಳಿನಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಓದುಗರ ಯಂತ್ರಗಳಿಂದ ದೂರದಲ್ಲಿದ್ದುಕೊಂಡೇ ಅಳಿಸಿಹಾಕಿತು. ಮಾರಾಟಕ್ಕಿಟ್ಟವನಿಗೆ ಅವುಗಳ ಹಕ್ಕಿರಲಿಲ್ಲವೆಂಬುದು ಕಾರಣ. ಹಣವನ್ನೂ ಹಿಂದಿರುಗಿಸಲಾಯಿತು, ಅನಂತರ ಕ್ಷಮೆಯನ್ನೂ ಕೇಳಲಾಯಿತು. ಆದರೂ ರಾತ್ರಿ ಮನೆಯಲ್ಲಿದ್ದ ಪುಸ್ತಕವು ಬೆಳಿಗ್ಗೆ ಇರಲಿಲ್ಲ. ಹಳೆಯ ದಾಖಲೆಗಳನ್ನು ಅಳಿಸಿಹಾಕುವ ಪ್ರಭುತ್ವವೊಂದರ ಕಥೆಯೇ ಹಾಗೆ ಅಳಿಸಿಹೋದ ಕಾದಂಬರಿಗಳಲ್ಲಿ ಒಂದಾಗಿತ್ತೆಂಬುದು ವಿಧಿಯ ವ್ಯಂಗ್ಯ. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಇ-ಪುಸ್ತಕಗಳ ಅಂಗಡಿಯನ್ನು ಮುಚ್ಚಿದಾಗ, ಅಲ್ಲಿ ಕೊಂಡಿದ್ದ ಪುಸ್ತಕಗಳೆಲ್ಲವೂ ಓದುಗರ ಕೈತಪ್ಪಿದವು. ಆಗಲೂ ಹಣವು ಹಿಂದಕ್ಕೆ ಬಂದಿತು, ಪುಸ್ತಕವು ಬರಲಿಲ್ಲ.

ಈ ಸಂಗತಿಗಳು ಒಂದು ಜನಪ್ರಿಯವಾದ ಮಾತನ್ನು ತಿದ್ದಿಕೊಳ್ಳುವಂತೆ ಮಾಡುತ್ತವೆ. ಮುದ್ರಿತ ಪುಸ್ತಕವು ಸ್ಥಾವರ, ಇ-ಪುಸ್ತಕವು ಜಂಗಮ. ಶರಣರು ಜಂಗಮದ ಪಕ್ಷದವರಾದುದರಿಂದ ಇ-ಪುಸ್ತಕವನ್ನೇ ಎತ್ತಿಹಿಡಿಯಬೇಕು ಎಂದು ಕೆಲವರು ಚಮತ್ಕಾರವಾಗಿ ಹೇಳುವುದುಂಟು. ಮಾತು ಕೇಳಲು ಇಂಪಾಗಿದೆ, ವಿಚಾರಕ್ಕೆ ನಿಲ್ಲದು. ಚಲಿಸುವುದೆಲ್ಲವೂ ಜಂಗಮವಲ್ಲ. ಗಾಳಿಗೆ ಹಾರುವ ತರಗೆಲೆಯೂ ಚಲಿಸುವುದು. ಅರಿವನ್ನೂ ಆಚಾರವನ್ನೂ ಹೊತ್ತು, ಯಾರ ಹಂಗಿಗೂ ಒಳಗಾಗದೆ, ಬೇಡಿ ಬಂದವರಿಗೆಲ್ಲ ತಿಳಿವನ್ನು ನೀಡುತ್ತ ನಡೆಯುವುದೇ ಜಂಗಮ. ಒಬ್ಬ ವ್ಯಾಪಾರಿಯ ಅನುಮತಿಯಿಲ್ಲದೆ ತೆರೆಯದ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟದ ಪುಸ್ತಕವು ಎಷ್ಟು ವೇಗವಾಗಿ ಬಂದರೂ ಕಟ್ಟಿಹಾಕಿದ ಸ್ಥಾವರವೇ ಸರಿ. ಊರಿಂದೂರಿಗೆ ಜೋಳಿಗೆಯಲ್ಲಿ ಸಾಗಿ, ಹತ್ತು ಕೈಗಳಲ್ಲಿ ಸವೆದು, ಹತ್ತು ಮನಗಳನ್ನು ಬೆಳಗಿದ ಹಳೆಯ ಹೊತ್ತಗೆಯು ಕಾಗದದ್ದಾದರೂ ಜಂಗಮವೇ. ಅಂತೆಯೇ ಬೀಗವಿಲ್ಲದೆ, ಬೆಲೆಯಿಲ್ಲದೆ, ಯಾರು ಬೇಕಾದರೂ ಪ್ರತಿಮಾಡಿಕೊಳ್ಳುವಂತೆ ತೆರೆದಿಟ್ಟ ಇ-ಪುಸ್ತಕವೂ ಜಂಗಮವೇ. ಭೇದವಿರುವುದು ಕಾಗದಕ್ಕೂ ಗಾಜಿಗೂ ಅಲ್ಲ. ಕೊಡುವ ಗ್ರಂಥಕ್ಕೂ ತಡೆಯುವ ಗ್ರಂಥಕ್ಕೂ.

ಇಲ್ಲಿ ಧರ್ಮಸಂಸ್ಥೆಗಳ ಕರ್ತವ್ಯವು ಸ್ಪಷ್ಟವಾಗುತ್ತದೆ. ವಚನಗಳಿಗೆ ಕೃತಿಸ್ವಾಮ್ಯವೆಂಬುದಿಲ್ಲ. ಕರ್ತೃವಿನ ಮರಣದ ತರುವಾಯ 60 ವರ್ಷಗಳವರೆಗೆ ಕೃತಿಸ್ವಾಮ್ಯವಿರಬೇಕೆಂಬುದು ಭಾರತದ ಕಾಯಿದೆ. 1964ರಲ್ಲಿ ಲಿಂಗೈಕ್ಯರಾದ ಹಳಕಟ್ಟಿಯವರ ಗ್ರಂಥಗಳು ಅದರಂತೆ 2025ರ ಜನವರಿ 1ರಿಂದ ಸರ್ವರ ಸೊತ್ತಾಗಿವೆ. ಮನೆಯನ್ನು ಮಾರಿ ಅಚ್ಚುಕೂಟವನ್ನಿಟ್ಟ ಆ ಮಹನೀಯರ ಸಂಕಲ್ಪವು ಓಲೆಯನ್ನು ಕಾಗದವಾಗಿಸುವುದಷ್ಟೇ ಆಗಿರಲಿಲ್ಲ, ಮುಚ್ಚಿದ್ದುದನ್ನು ತೆರೆಯುವುದಾಗಿತ್ತು. ಅವರ ಹಾದಿಯಲ್ಲಿ ನಡೆಯುವವರು ತಮ್ಮ ಪ್ರಕಟಣೆಗಳನ್ನು ಯೂನಿಕೋಡ್ ಅಕ್ಷರಗಳಲ್ಲಿ, ಹುಡುಕಲೂ ಹಿಗ್ಗಿಸಲೂ ಕೇಳಲೂ ಬರುವಂತೆ, ಬೀಗವಿಲ್ಲದೆ ಪ್ರಕಟಿಸುವುದು ಯೋಗ್ಯ. ಕೇವಲ ಪುಟಗಳ ಚಿತ್ರ ತೆಗೆದು ಇಟ್ಟರೆ ಕುರುಡನಿಗೆ ಅದರಿಂದ ಪ್ರಯೋಜನವಿಲ್ಲ. ಜೊತೆಗೆ ಪ್ರತಿಯೊಂದು ಗ್ರಂಥದ ಕೆಲವು ಪ್ರತಿಗಳಾದರೂ ಒಳ್ಳೆಯ ಕಾಗದದಲ್ಲಿ ಮುದ್ರಿತವಾಗಿ ಭಂಡಾರದಲ್ಲಿ ಇರತಕ್ಕದ್ದು. ಅದಕ್ಕೆ ವಿದ್ಯುತ್ತು ಬೇಡ, ಯಂತ್ರ ಬೇಡ, ಯಾರ ಅನುಮತಿಯೂ ಬೇಡ. ಓಲೆಗಳನ್ನು ಹೊಳೆಗೆ ಬಿಟ್ಟ ತಪ್ಪನ್ನು ಕಾಗದದ ವಿಷಯದಲ್ಲಿ ಮತ್ತೆ ಮಾಡಬಾರದು.

ಓದುಗನ ಕರ್ತವ್ಯವೋ ಇನ್ನೂ ಸರಳವಾದುದು. ಯಾವ ಕಾಯದಲ್ಲಿ ಓದಿದರೆ ತನ್ನ ಚಿತ್ತವು ನಿಲ್ಲುವುದೆಂಬುದನ್ನು ಅವನೇ ಪ್ರಾಮಾಣಿಕವಾಗಿ ಪರೀಕ್ಷಿಸಿಕೊಳ್ಳಬೇಕು. ನಿತ್ಯಪಾರಾಯಣಕ್ಕೆ ಪುಸ್ತಕವು ಹಿತವಾಗಬಹುದು. ಶಬ್ದಾರ್ಥದ ಶೋಧನೆಗೆ ಯಂತ್ರವು ನೆರವಾಗಬಹುದು. ಮೊಬೈಲಿನಲ್ಲಿಯೇ ಓದಬೇಕಾದ ಬಡ ವಿದ್ಯಾರ್ಥಿಯು ಓದುವಷ್ಟು ಹೊತ್ತು ಅದರ ಇತರ ಬಾಗಿಲುಗಳನ್ನು ಮುಚ್ಚಿಕೊಂಡು, ಒಂದು ವಚನಕ್ಕೆ ನಿಂತು, ಅದನ್ನು ಕೈಯಿಂದ ಒಂದು ಕಾಗದದ ಮೇಲೆ ಬರೆದುಕೊಂಡರೆ, ಯಂತ್ರವು ಕಸಿದುಕೊಂಡ ಮನನವನ್ನು ಕೈಯು ಹಿಂದಕ್ಕೆ ತಂದುಕೊಡುವುದು. ಪುಸ್ತಕದಲ್ಲಿ ಮಾತ್ರ ಉಳಿದ ವಿದ್ಯೆಯನ್ನು ನೆಚ್ಚಬಾರದೆಂದು ಪ್ರಾಚೀನ ಸುಭಾಷಿತಕಾರರು ಎಚ್ಚರಿಸಿದ್ದು ಯಂತ್ರದಲ್ಲಿ ಮಾತ್ರ ಉಳಿದ ವಿದ್ಯೆಗೂ ಅಷ್ಟೇ ಅನ್ವಯಿಸುತ್ತದೆ. ಓದಿದ ಮೇಲೆ ಕೋಪವು ಎಳ್ಳಿನಷ್ಟಾದರೂ ಇಳಿಯಿತೇ, ನೆರೆಯವನ ಹಸಿವು ಕಣ್ಣಿಗೆ ಬಿದ್ದಿತೇ, ಕಾಯಕದಲ್ಲಿ ನಿಷ್ಠೆಯು ಬೆಳೆಯಿತೇ ಎಂದು ಕೇಳಿಕೊಳ್ಳುವುದೇ ಶರಣರು ಒಪ್ಪುವ ಪರೀಕ್ಷೆ.

ಇಷ್ಟಾದರೂ ಒಂದು ನಷ್ಟವನ್ನು ಒಪ್ಪದೆ ಮುಗಿಸುವುದು ಸತ್ಯಕ್ಕೆ ದೂರವಾದೀತು. ಮನೆಯ ಹಳೆಯ ವಚನಪುಸ್ತಕವೊಂದರಲ್ಲಿ ಅಜ್ಜನು ಸೀಸದಕಡ್ಡಿಯಿಂದ ಎಳೆದ ಗೆರೆಗಳಿರುತ್ತವೆ. ಪುಟಗಳ ನಡುವೆ ಎಂದೋ ಇಟ್ಟ ಬಿಲ್ವಪತ್ರೆಯು ಒಣಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಒಂದು ವಚನದ ಬದಿಯಲ್ಲಿ ಎಣ್ಣೆದೀಪದ ಕಲೆಯು ಬಿದ್ದಿರುತ್ತದೆ. ಅಜ್ಜನು ಆ ವಚನದ ಮುಂದೆ ಎಷ್ಟು ಹೊತ್ತು ಕುಳಿತಿದ್ದನೆಂಬುದನ್ನು ಆ ಕಲೆಯು ಮೊಮ್ಮಗನಿಗೆ ಹೇಳುವುದು. ಇಂತಹ ಸಾಕ್ಷ್ಯವನ್ನು ಯಂತ್ರವು ಇಂದಿಗೂ ಕೊಡಲಾರದು. ಈ ನಷ್ಟವನ್ನು ತುಂಬಿಕೊಡುವ ಉಪಾಯವು ಯಾವ ತಂತ್ರಜ್ಞರಲ್ಲಿಯೂ ಇಲ್ಲ. ಮನೆಯ ಹಿರಿಯರಲ್ಲಿ ಮಾತ್ರ ಇದೆ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜನು ಪುಸ್ತಕದಿಂದಲೋ ಯಂತ್ರದಿಂದಲೋ ಒಂದು ವಚನವನ್ನು ಗಟ್ಟಿಯಾಗಿ ಓದಿ, ಮಕ್ಕಳನ್ನು ಕೂಡಿಸಿಕೊಂಡು ಅರ್ಥವನ್ನು ಹೇಳಿದರೆ, ಅಚ್ಚು ಬಂದಾಗ ಹಿಂದೆ ಸರಿದಿದ್ದ ಶ್ರವಣವು ಮತ್ತೆ ಮನೆಯೊಳಗೆ ಬರುವುದು. ಆಗ ಮಕ್ಕಳ ನೆನಪಿನಲ್ಲಿ ಉಳಿಯುವುದು ಕಾಗದವೂ ಅಲ್ಲ, ಗಾಜೂ ಅಲ್ಲ. ಓದಿದ ಹಿರಿಯರ ಧ್ವನಿ.